ವೈಜನಾಥ ಮಾಸ್ತರರು ಮತ್ತು ಒಂದು ಸೊಟ್ಟ ಹಿಡಿಕೆ

ಹೈದರಾಬಾದಿನ ಕನ್ನಡ ಶಾಲೆಗಳ ಚರಿತ್ರೆಯನ್ನು ಯಾರಾದರೂ ಬರೆಯಲು ಕುಳಿತರೆ ಭಾಷೆ, ಗಣಿತಗಳನ್ನು ಕಲಿಸಿದ ಮಹನೀಯರ ಹೆಸರುಗಳು ಅವರಿಗೆ ಧಾರಾಳವಾಗಿ ಸಿಗುತ್ತವೆ. ಕೈಕೆಲಸ ಕಲಿಸಿದವರ ಹೆಸರು ಮಾತ್ರ ದೀಪ ಹಚ್ಚಿ ಹುಡುಕಬೇಕು. ವೇಳಾಪಟ್ಟಿಯಲ್ಲಿ ಕೊನೆಯ ಪೀರಿಯಡ್ಡು, ಕಟ್ಟಡದಲ್ಲಿ ಕೊನೆಯ ಕೋಣೆ, ಇದೇ ಆ ವಿಷಯಕ್ಕೆ ಸಿಕ್ಕಿದ ಮರ್ಯಾದೆ. ಅಂಥ ಕೋಣೆಯಲ್ಲಿ ಮೂವತ್ತಮೂರು ವರ್ಷ ನಿಂತು, ವಸ್ತುವೊಂದನ್ನು ಮಾಡುವ ಮೊದಲು ಅದನ್ನು ಬಳಸುವ ಮನುಷ್ಯನನ್ನು ಅರಿಯಬೇಕೆಂದು ಎಂಟೊಂಬತ್ತು ವರ್ಷದ ಮಕ್ಕಳಿಗೆ ಕಲಿಸಿದ ಶ್ರೀ ವೈಜನಾಥ ಮಾಸ್ತರರು ಈ ೧೯೯೨ರ ಜೂನಿನಲ್ಲಿ ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನ ಗ್ರಂಥಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಗುರುಬಾಯಿಯ ಚಮಚದ ಸಂಗತಿಯನ್ನು ಇದರಲ್ಲಿ ಮುಚ್ಚುಮರೆಯಿಲ್ಲದೆ ಬರೆಯಬೇಕು. ಆದ್ದರಿಂದ ಈ ಲೇಖನದಲ್ಲಿ ಬರೀ ಹೊಗಳಿಕೆಯನ್ನು ನಿರೀಕ್ಷಿಸಿದವರು ಕ್ಷಮಿಸಬೇಕು.

ಬೀದರ ಜಿಲ್ಲೆಯಿಂದ ಒಂದು ತಗಡಿನ ಟ್ರಂಕು ಹೊತ್ತು ಮಾಸ್ತರರು ಕಾಚಿಗೂಡದಲ್ಲಿ ಇಳಿದದ್ದು ೧೯೫೯ರಲ್ಲಿ. ಟ್ರಂಕಿನಲ್ಲಿ ಬಟ್ಟೆಗಿಂತ ಉಳಿ, ಗರಗಸಗಳೇ ಹೆಚ್ಚಿದ್ದವು. ಸ್ಟೇಷನ್ನಿಗೆ ಹತ್ತಿರದ ಆ ಪುಟ್ಟ ಶಾಲೆಯಲ್ಲಿ ಅವರಿಗೆ ಸಿಕ್ಕ ಕೋಣೆಗೆ ಒಂದೇ ಕಿಟಕಿ. ಅದನ್ನು ತೆರೆದರೆ ಎಂಜಿನ್ನಿನ ಹೊಗೆ, ಮುಚ್ಚಿದರೆ ಕತ್ತಲೆ. ಅಲ್ಲಿ ಅವರು ತಂದ ನಿಯಮ ವಿಚಿತ್ರವಾಗಿತ್ತು. ಯಾವ ಮಗುವೂ ತನಗಾಗಿ ಏನನ್ನೂ ಮಾಡುವಂತಿಲ್ಲ. ಮನೆಗೆ ಹೋಗಿ, ಏನಾದರೊಂದು ತೊಂದರೆ ಇರುವ ಒಬ್ಬರನ್ನು ಹುಡುಕಬೇಕು. ಅವರ ಮುಷ್ಟಿಯಲ್ಲಿ ಹಸಿ ಮಣ್ಣಿನ ಮುದ್ದೆಯನ್ನಿಟ್ಟು ಹಿಡಿಸಿ, ಆ ಬೆರಳಚ್ಚಿನ ಮುದ್ದೆಯನ್ನು ಜೋಪಾನವಾಗಿ ಶಾಲೆಗೆ ತರಬೇಕು. ಅಳತೆಪಟ್ಟಿ ಅದಾದ ಮೇಲೆ.

"ಕೈ ಹೆಂಗ ಐತಿ ಹಂಗ ಹಿಡಿಕಿ ಆಗಬೇಕು. ಹಿಡಿಕಿ ಹೆಂಗ ಐತಿ ಹಂಗ ಕೈ ಬದಲಾಗಂಗಿಲ್ಲ," ಎಂಬುದು ಅವರ ಮೊದಲ ಪಾಠ.

ಎಡಗೈಯಲ್ಲಿ ಬರೆದರೆ ಗೆಣ್ಣಿನ ಮೇಲೆ ಪೆಟ್ಟು ಬೀಳುತ್ತಿದ್ದ ಆ ಕಾಲದಲ್ಲಿ ಅವರು ಸುಲ್ತಾನ್ ಬಜಾರನ್ನೆಲ್ಲ ಸುತ್ತಿ ಎಡಗೈಯವರ ಕತ್ತರಿಯೊಂದನ್ನು ಹುಡುಕಿ ತಂದರು. ಇವತ್ತು ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿರುವ ಬಂಡೆಪ್ಪ, ತಾವು ಶಾಲೆ ಬಿಡದೆ ಉಳಿದದ್ದೇ ಆ ಕತ್ತರಿಯಿಂದ ಎಂದು ಈಗಲೂ ಹೇಳುತ್ತಾರೆ.

ಗುರುಬಾಯಿ ನಾಲ್ಕನೆಯ ಇಯತ್ತೆಗೆ ಬಂದದ್ದು ೧೯೭೪ರಲ್ಲಿ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮನೆ. ತಂದೆ ಮಲ್ಲಪ್ಪ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು. ಅವಳು ಆಯಿ ಎಂದು ಕರೆಯುತ್ತಿದ್ದ ಅಜ್ಜಿ ಅಂಬುಬಾಯಿಗೆ ಲಕ್ವಾ ಹೊಡೆದು ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಬೇರೆಯವರ ಕೈತುತ್ತು ಉಣ್ಣಲು ನಾಚಿ ಆ ಮುದುಕಿ ಅರೆಹೊಟ್ಟೆಯಲ್ಲೇ ಏಳುತ್ತಿದ್ದಳು. ಮೊಮ್ಮಗಳು ಮುದ್ದೆ ಹಿಡಿಸಿ ತಂದಳು. ಮೂರು ತಿಂಗಳು ಕೆತ್ತಿ ಒಂದು ಮರದ ಚಮಚ ಮಾಡಿದಳು. ಅದರ ಹಿಡಿಕೆ ದಪ್ಪ, ಸೊಟ್ಟ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ನೋಡಿದವರು ಇದೇನು ಗೆಡ್ಡೆಯೋ ಗೆಣಸೋ ಎನ್ನಬೇಕು. ಆದರೆ ಆ ಮುದ್ದೆಯ ಅಚ್ಚಿಗೆ ಅದು ಬರೋಬ್ಬರಿ ಕೂಡುತ್ತಿತ್ತು.

ಆಗಲೇ ಶಾಲೆಗಳ ವಸ್ತುಪ್ರದರ್ಶನ ಬಂತು. ಹೆಡ್‌ಮಾಸ್ತರರಾದ ಹಣಮಂತರಾಯರು ಕೋಣೆಗೇ ಬಂದು ಹೇಳಿದರು: "ತೆಲುಗು ಶಾಲಿಯವರು, ಉರ್ದು ಶಾಲಿಯವರು ಎಲ್ಲಾರೂ ಬರ್ತಾರ್ರಿ. ನಮ್ಮದು ಸಣ್ಣ ಶಾಲಿ. ಮರ್ಯಾದಿ ಹೋಗದಂಗ ನೋಡ್ಕೋರಿ."

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮಾಸ್ತರರು ಚಮಚವನ್ನು ಕೈಗೆತ್ತಿಕೊಂಡರು. ಮೊದಲು ಉಬ್ಬನ್ನು ಸ್ವಲ್ಪ ಕೆರೆದರು. ಕೆರೆದ ಮೇಲೆ ತಗ್ಗು ಎದ್ದು ಕಂಡಿತು, ಅದನ್ನೂ ಸರಿಮಾಡಿದರು. ನುರಿತ ಕೈಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಹಿಡಿಕೆ ನೆಟ್ಟಗಾಯಿತು, ತೆಳ್ಳಗಾಯಿತು, ಪಾಲಿಶ್ ಬಿದ್ದು ಹೊಳೆಯಿತು. ಮೊದಲ ಬಹುಮಾನವೂ ಬಂತು.

ಪ್ರದರ್ಶನದ ಗಾಜಿನ ಮುಂದೆ ನಿಂತ ಗುರುಬಾಯಿ, "ಸರ್, ಇದು ನಂದಲ್ರಿ," ಎಂದಳು. ಮಾಸ್ತರರು ಅದನ್ನು ಮಗುವಿನ ಸಂಕೋಚವೆಂದು ತಿಳಿದು ತಲೆ ಸವರಿದರು.

ಬಹುಮಾನದ ವಸ್ತು ಶಾಲೆಯ ಅಲಮಾರಿ ಸೇರಿತು. ಹುಡುಗಿ ಎರಡು ಸಲ ಬಂದು ಕೇಳಿದಳು, "ಆಯಿ ದಾರಿ ನೋಡಾಕತ್ತಾಳ್ರಿ." ಮೂರನೆಯ ಸಲ ಕೇಳುವ ಮೊದಲೇ ಮಾಸ್ತರರು ಒಂದು ಐತವಾರ ತಾವೇ ಚಮಚವನ್ನು ತೆಗೆದುಕೊಂಡು ಮಲ್ಕಾಜ್‌ಗಿರಿಯ ರೈಲು ಹತ್ತಿದರು. ಅಂಬುಬಾಯಿಯ ಮುಂದೆ ತಾಟಿನಲ್ಲಿ ಅನ್ನ ಸಾರು ಕಲಸಿಟ್ಟಿದ್ದರು. ಚಮಚ ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ತಾಟಿಗೇ ಬಿದ್ದು ಸಾರು ಸೀರೆಗೆ ಸಿಡಿಯಿತು.

"ಭಾಳ ಛಂದ ಮಾಡೀರಿ ಮಾಸ್ತರ," ಎಂದಳು ಮುದುಕಿ, ಸೆರಗಿನಿಂದ ಮಡಿಲನ್ನು ಒರೆಸಿಕೊಳ್ಳುತ್ತ. "ನನ್ನ ಕೈನೇ ಸರಿ ಇಲ್ರಿ."

ಹದಿನೈದು ವರ್ಷ ತಾವು ಯಾವ ಮಾತಿನ ವಿರುದ್ಧ ಪಾಠ ಮಾಡಿದ್ದರೋ ಅದೇ ಮಾತನ್ನು ಅವರು ಅಂದು ತಮ್ಮ ಕೆಲಸದಿಂದಲೇ ಒಬ್ಬಳ ಬಾಯಲ್ಲಿ ಆಡಿಸಿದ್ದರು. ಬರುವ ಐತವಾರ ಹೊಸದನ್ನು ಮಾಡೋಣವೆಂದಷ್ಟೇ ಗುರುಬಾಯಿಗೆ ಹೇಳಿ, ಚಮಚವನ್ನು ತೆಗೆದುಕೊಂಡು ಎದ್ದರು. ಆ ವಾರದಲ್ಲೇ ಮಲ್ಲಪ್ಪನವರಿಗೆ ಗುಂತಕಲ್ಲಿಗೆ ವರ್ಗವಾಯಿತು. ಮಾಸ್ತರರು ಮುದ್ದೆಯ ಅಚ್ಚನ್ನು ಎದುರಿಗಿಟ್ಟುಕೊಂಡು ತಾವೇ ಹೊಸ ಹಿಡಿಕೆ ಕೆತ್ತಿದರು, ಮನಸ್ಸಿಗೆ ಬರಲಿಲ್ಲ, ಇನ್ನೊಂದು ಕೆತ್ತಿದರು, ಅದೂ ಬರಲಿಲ್ಲ. ಮೂರನೆಯದನ್ನು ಹಿಡಿದು ಕೂತಿದ್ದಾಗ ಗುಂತಕಲ್ಲಿನಿಂದ ಮಗುವಿನ ಅಕ್ಷರದ ಒಂದು ಕಾರ್ಡು ಬಂತು: "ಆಯಿ ಹೋದಳ್ರಿ ಸರ್. ಚಮಚಾ ನಿಮ್ಮ ಕಡೇನ ಇರಲಿ."

ಆ ಕಾರ್ಡಿಗೆ ಅವರು ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಏಳುತ್ತಿದ್ದರು. ಅಂದಿನಿಂದ ತರಗತಿಯಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುವುದನ್ನು ರೂಢಿಮಾಡಿಕೊಂಡರು. ಮತ್ತೆಂದೂ ಮಗುವಿನ ಕೆಲಸವನ್ನು ಮುಟ್ಟಲಿಲ್ಲ. ಹೊಸದಾಗಿ ಬಂದ ಶಿಕ್ಷಕರು ಅದನ್ನು ಗತ್ತು ಎಂದುಕೊಂಡರು. ಅವರನ್ನು ತಿದ್ದುವ ಗೋಜಿಗೆ ಮಾಸ್ತರರು ಹೋಗಲಿಲ್ಲ.

ಮೂರು ವರ್ಷಗಳಿಂದ ಸಂಧಿವಾತ ಅವರ ಬಲಗೈಯನ್ನೂ ಮಡಚಿದೆ. ಗರಗಸ ದೂರವಾಯಿತು, ಆಮೇಲೆ ಪೆನ್ನೂ ದೂರವಾಯಿತು. ಈ ಮಾರ್ಚಿನಲ್ಲಿ ನಾಲ್ಕನೆಯ ಇಯತ್ತೆಯ ಶಿವದೇವಿ ಎಂಬ ಹುಡುಗಿ ಮುದ್ದೆಯೊಂದಿಗೆ ಅವರ ಮುಂದೆ ಬಂದು ನಿಂತು, "ಸರ್, ಕೈ ಮುಂದ ಮಾಡ್ರಿ," ಎಂದಳು. ಬೆನ್ನ ಹಿಂದಿನ ಕೈಯನ್ನು ಅವರು ಬಹಳ ಹೊತ್ತಿನ ಮೇಲೆ ಮುಂದೆ ತಂದರು. ಮಕ್ಕಳು ಕೂಡಿ ಪೆನ್ನಿಗೊಂದು ಹಿಡಿಕೆ ಮಾಡಿದರು: ದಪ್ಪ, ಸೊಟ್ಟ, ಪಾಲಿಶಿಲ್ಲದ್ದು. ಅದು ಅವರ ಮುಷ್ಟಿಯಲ್ಲಿ ಅಲುಗದೆ ಕೂತಿತು. ಮಕ್ಕಳೆದುರಿಗೇ ಮಾಸ್ತರರು ಅತ್ತುಬಿಟ್ಟರು.

ಅದರಿಂದ ಬರೆದ ಮೊದಲ ಕಾಗದ ಗುರುಬಾಯಿಯ ಹೆಸರಿಗೆ, ಆ ಕಾರ್ಡಿನಲ್ಲಿದ್ದ ಗುಂತಕಲ್ಲಿನ ಹಳೆಯ ವಿಳಾಸಕ್ಕೆ ಹೋಯಿತು. ಹದಿನೇಳು ವರ್ಷ ತಡವಾದ ಕಾಗದ. ಆ ಹೆಸರಿನವರು ಇಲ್ಲಿಲ್ಲವೆಂಬ ಷರಾ ಹೊತ್ತು ಹಿಂದಿರುಗಿತು. ಮಾಸ್ತರರ ಜಾಗಕ್ಕೆ ಹೊಸಬರ ನೇಮಕವಿಲ್ಲವೆಂದು ಆದೇಶವೂ ಬಂದಿದೆ. ಜೂನಿನಿಂದ ಆ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಒಟ್ಟುತ್ತಾರೆ. ಒಣಗಿ ಬಿರಿದ ಅಂಬುಬಾಯಿಯ ಮುದ್ದೆಯನ್ನು ಮಾತ್ರ ಮಾಸ್ತರರು ಅರಿವೆಯಲ್ಲಿ ಸುತ್ತಿ, ಬರುವಾಗ ತಂದಿದ್ದ ಅದೇ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.

ಪೂಜ್ಯ ವೈಜನಾಥ ಮಾಸ್ತರರು ನೂರ್ಕಾಲ ಬಾಳಲಿ, ಸೊಟ್ಟ ಹಿಡಿಕೆಯ ಆ ಪೆನ್ನು ಅವರ ಕೈಯಲ್ಲಿ ಇನ್ನೂ ಬಹಳ ಬರೆಯಲಿ ಎಂದು ಶಿಷ್ಯರು, ಸಹೋದ್ಯೋಗಿಗಳು ಎಲ್ಲರೂ ಹಾರೈಸುತ್ತೇವೆ. ಉತ್ತರವೊಂದು ಬಂದು ತಲುಪುವವರೆಗಾದರೂ ಅವರು ಬಾಳಲೇಬೇಕು. ಗುರುಬಾಯಿ ಎಲ್ಲಿದ್ದರೂ ಓದಲಿ ಎಂದು, ಹಿಂದಿರುಗಿದ ಆ ಕಾಗದವನ್ನು ಅವರ ಇಚ್ಛೆಯಂತೆ ಇಲ್ಲಿ ಅಚ್ಚು ಮಾಡಿದ್ದೇವೆ. ಅದರಲ್ಲಿರುವುದು ಇಷ್ಟೇ:

"ಗುರುಬಾಯಿ, ನಿಮ್ಮ ಆಯಿ ಕೈ ಸರಿ ಇತ್ತವ್ವಾ. ನೀ ಮಾಡಿದ ಹಿಡಿಕಿನೂ ಸರಿ ಇತ್ತು. ಕೆಡಿಸಿದವ ನಾನು."