ಮಣ್ಣು ಮುಚ್ಚದ ಬೀಜ

ಅತ್ತೆ, ಆ ಪೆಟ್ಟಿಗೆಯಲ್ಲಿ ಮೊಳೆತದ್ದು ನೀವು ಬಿತ್ತಿದ ಲೆಟ್ಯೂಸ್ ಸೊಪ್ಪು. ನನ್ನದಲ್ಲ. ನೀವು ನಿಮ್ಮ ತಂಗಿಯ ಮನೆಗೆ ಹೋಗಿದ್ದಾಗ ಎರಡೂ ಪೆಟ್ಟಿಗೆಗಳ ಜಾಗ ಬದಲಿಸಿ, ನಿಮ್ಮದನ್ನು ನನ್ನದೆಂದು ತೋರಿಸಿದವಳು ನಾನು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಹಿಡಿಯಿತು — ನನ್ನ ತಲೆಯೂ ನರೆಯಿತು, ನಾನೂ ಅತ್ತೆಯಾದೆ.

ನಾನು ವಿಜಯನಗರದ ಈ ಮನೆಗೆ ಸೊಸೆಯಾಗಿ ಬಂದ ಎರಡನೆಯ ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಮ್ಮ ಮಗ ಕಾರ್ಖಾನೆಯ ಸಾಹೇಬರ ಮನೆಯಿಂದ ಒಂದು ಪೊಟ್ಟಣ ಬೀಜ ತಂದರು. ಲೆಟ್ಯೂಸ್ ಎಂಬ ಹೆಸರನ್ನು ನೀವು ಅಲ್ಲಿಯವರೆಗೆ ಕೇಳಿರಲಿಲ್ಲ. ನಾನು ಕೇಳಿದ್ದೆ, ಓದಿಯೂ ಇದ್ದೆ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಪಾಸಾದವಳಲ್ಲವೇ! ಆದರೆ ಅದನ್ನು ಕಣ್ಣಿಂದ ಕಂಡಿರಲಿಲ್ಲ, ಕೈಯಾರೆ ಒಂದು ಹಿಡಿ ಮೆಂತ್ಯವನ್ನೂ ಬೆಳೆದಿರಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ ಅನ್ನಿ.

"ಹಸೀದೇ ತಿಂತಾರಂತೆ ಕಣಮ್ಮ," ಎಂದರು ಇವರು.

"ಹಸಿ ಸೊಪ್ಪಾ? ದನ ಮೇದಂಗಾ?" ಎಂದು ನೀವು ಸೆರಗು ಬಾಯಿಗೆ ಹಿಡಿದು ನಕ್ಕಿರಿ.

"ತಾರಸಿ ಮೇಲೆ ಸೇಬಿನ ಪೆಟ್ಟಿಗೆ ಎರಡು ಇದಾವಲ್ಲ, ಒಂದರಲ್ಲಿ ನೀನು ಹಾಕು, ಒಂದರಲ್ಲಿ ಸುಮಾ ಹಾಕ್ಲಿ. ಯಾರ ಕೈಗುಣ ದೊಡ್ದು ಅಂತ ನೋಡೇ ಬಿಡಾಣ."

ಇವರು ತಮಾಷೆಗೆ ಅಂದದ್ದು. ಆದರೆ ಕೈಗುಣ ಎಂಬುದು ನಿಮಗೆ ತಮಾಷೆಯ ವಿಷಯವಾಗಿರಲಿಲ್ಲ. ಮೂಡಲಪಾಳ್ಯದ ನಿಮ್ಮ ತವರಿನಲ್ಲಿ ವರ್ಷದ ಮೊದಲ ಹಿಡಿ ಬೀಜವನ್ನು ನಿಮ್ಮ ಕೈಯಿಂದಲೇ ಹಾಕಿಸುತ್ತಿದ್ದರು. ನೀವು ಹಾಕಿದ್ದು ಹುಸಿ ಹೋದದ್ದೇ ಇಲ್ಲವಂತೆ. ನಿಮ್ಮ ಹೊಲವೆಲ್ಲ ಬಡಾವಣೆಗೆ ಹೋಗಿ ಸೈಟುಗಳಾದವು. ಆಮೇಲೂ ನಿಮ್ಮ ತಮ್ಮ, ಉಳಿದಿದ್ದ ತುಂಡು ನೆಲದಲ್ಲಿ ಅವರೆಕಾಳು ಹಾಕುವ ದಿನ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಅಂದು ನೀವು ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು ಗೇಟಿನ ಬಳಿ ನಿಂತಿರುತ್ತಿದ್ದಿರಿ. ನೆಲ ಕಳೆದುಕೊಂಡ ನಿಮಗೆ ಉಳಿದಿದ್ದದ್ದು ಆ ಒಂದು ಹಿಡಿ ಮಾತ್ರ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅತ್ತೆ. ಗೊತ್ತಿದ್ದೂ ಮಾಡಿದೆ.

ಕಾರ್ತಿಕದ ತಣ್ಣನೆಯ ಬೆಳಗು. ನಾನು ಸ್ಕೇಲು ಹಿಡಿದುಕೊಂಡು ತಾರಸಿಗೆ ಬಂದೆ. ನನ್ನ ಪೆಟ್ಟಿಗೆಯ ಮಣ್ಣಿನಲ್ಲಿ ನಾಲ್ಕು ಸಾಲು ಗೀರಿ, ಬೆರಳುದ್ದ ಆಳಕ್ಕೆ ಬೀಜ ಇಳಿಸಿ, ಮೇಲೆ ಮಣ್ಣೆಳೆದು ಗಟ್ಟಿಯಾಗಿ ತಟ್ಟಿದೆ. ನೀವು ಅಂಗೈಯಲ್ಲಿ ಬೀಜ ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದಿರಿ. ಜೀರಿಗೆಯನ್ನು ನಾಲ್ಕು ಚೂರು ಮಾಡಿದರೆ ಎಷ್ಟೋ ಅಷ್ಟು ಇದ್ದವು. ಆಮೇಲೆ ಅದಕ್ಕೆ ಒಂದು ಹಿಡಿ ಮರಳು ಬೆರೆಸಿ, ಒದ್ದೆ ಮಣ್ಣಿನ ಮೇಲೆ ಚೆಲ್ಲಿ, ಅಂಗೈಯಿಂದ ಮೆಲ್ಲಗೆ ಒತ್ತಿದಿರಿ. ಅಷ್ಟೇ. ಮಣ್ಣು ಮುಚ್ಚಲೇ ಇಲ್ಲ.

"ಮುಚ್ಚಲ್ವಾ ಅತ್ತೆ? ಇದು ರಾಗಿ ಅಲ್ಲ," ಎಂದೆ. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ — ಎಷ್ಟು ಕೊಬ್ಬು.

"ಇಷ್ಟು ಸಣ್ಣ ಜೀವ ಕಣವ್ವ," ಎಂದಿರಿ ನೀವು. "ಮಣ್ಣಿನ ಭಾರ ಹೊರಕ್ಕಾಗ್ತದಾ? ಬೆಳಕು ಕಾಣ್ಲಿ ಬಿಡು."

ಮಾರನೆಯ ದಿನವೇ ಹೆಗ್ಗನಹಳ್ಳಿಯಿಂದ ಹೇಳಿಕಳಿಸಿದರು, ನಿಮ್ಮ ತಂಗಿಗೆ ಹುಷಾರಿಲ್ಲವೆಂದು. ಎರಡೂ ಪೆಟ್ಟಿಗೆಗೆ ನೀರು ಚಿಮುಕಿಸುವ ಕೆಲಸ ನನಗೆ ಬಿಟ್ಟು ಹೊರಟಿರಿ. ನಿಮ್ಮ ಪೆಟ್ಟಿಗೆ ನೀರಿನ ತೊಟ್ಟಿಯ ಪಕ್ಕ, ನನ್ನದು ಮೆಟ್ಟಿಲ ಪಕ್ಕ. ಐದನೆಯ ದಿನ ಬೆಳಗ್ಗೆ ತಂಬಿಗೆ ಹಿಡಿದು ಹತ್ತಿದೆ —

ಅದನ್ನು ಹೇಗೆ ಹೇಳಲಿ. ನಾನು ಮೊಳಕೆಯ ಚಿತ್ರ ಬರೆದವಳು, ಭಾಗಗಳನ್ನೆಲ್ಲ ಗುರುತಿಸಿ ಮಾರ್ಕ್ಸು ತೆಗೆದುಕೊಂಡವಳು. ಆದರೆ ಒಂದು ಬೀಜ ಎದ್ದು ನಿಲ್ಲುವುದನ್ನು ನೋಡಿರಲಿಲ್ಲ. ನಿಮ್ಮ ಪೆಟ್ಟಿಗೆಯ ತುಂಬ ಹಸುರು. ಕಣ್ಣಿಗೆ ಕಾಣಲೂ ಕಷ್ಟವಾಗುವ ಆ ಚೂರುಗಳು ನೂರಾರು ಎದ್ದು, ಎರಡೆರಡು ಎಲೆ ಬಿಚ್ಚಿ, ಎಲ್ಲವೂ ಬಿಸಿಲು ಬರುವ ಕಡೆಗೇ ಬಾಗಿದ್ದವು. ಕೆಲವು ತಲೆಯ ಮೇಲೆ ಸಿಪ್ಪೆಯನ್ನು ಇನ್ನೂ ಹೊತ್ತಿದ್ದವು. ಮಣ್ಣಿನ ಹೊದಿಕೆಯಿಲ್ಲದೆ ಬಯಲಲ್ಲಿ ಬಿದ್ದಿದ್ದ ಬೀಜಕ್ಕೆ ಬೇರನ್ನು ಕೆಳಗೇ ಇಳಿಸಬೇಕೆಂದು ಹೇಳಿಕೊಟ್ಟವರು ಯಾರು? ನಾನು ತಂಬಿಗೆ ಕೆಳಗಿಟ್ಟು ಮಂಡಿಯೂರಿ ಕೂತುಬಿಟ್ಟೆ. ಉಸಿರು ತಾಗಿದರೆ ಮುರಿದಾವೇನೋ ಎಂದು ಬಾಯಿ ಮುಚ್ಚಿಕೊಂಡು ನೋಡಿದೆ. ಕಣ್ಣಲ್ಲಿ ನೀರು ಬಂತು, ನಿಜವಾಗಿ ಬಂತು.

ಆಮೇಲೆ ತಿರುಗಿ ನನ್ನ ಪೆಟ್ಟಿಗೆ ನೋಡಿದೆ. ಬರೀ ಮಣ್ಣು.

ಇವರು ಕೆಳಗೆ ಕ್ಷೌರ ಮಾಡಿಕೊಳ್ಳುತ್ತ ಏನೋ ಗುನುಗುತ್ತಿದ್ದರು. ಇನ್ನೇನು ಮೇಲೆ ಬರುತ್ತಾರೆ, ನೋಡುತ್ತಾರೆ, ಓದಿದವಳ ಕೈಗೆ ಹುಟ್ಟಲಿಲ್ಲ ಅನ್ನುತ್ತಾರೆ — ಇಷ್ಟೇ ತಲೆಯಲ್ಲಿ ಬಂದದ್ದು. ಪೆಟ್ಟಿಗೆಗಳನ್ನು ಎಳೆದು ಜಾಗ ಬದಲಿಸಿದೆ. ಅಲ್ಲಿಗೂ ನಿಲ್ಲಿಸಲಿಲ್ಲ. ನೀವು ಚೆಲ್ಲಿದ್ದು, ನಾನು ಸಾಲು ಹಿಡಿದದ್ದು. ನಿಮ್ಮಂಥವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅದಕ್ಕೇ ನಾಲ್ಕು ಸಾಲು ಉಳಿಯುವಂತೆ ನಡುವಿನ ಸಸಿಗಳನ್ನೆಲ್ಲ ಕಿತ್ತು ಹಾಕಿದೆ. ಆಗಷ್ಟೇ ಕೈಮುಗಿಯಬೇಕೆನಿಸಿದ್ದ ಸಸಿಗಳನ್ನು, ಅದೇ ಬೆರಳಿಂದ, ಒಂದೊಂದಾಗಿ. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬೀದಿಯ ಹಸುವಿಗೆ ಹಾಕಿದೆ.

ಎರಡು ದಿನ ಬಿಟ್ಟು ನೀವು ಬಂದಿರಿ. ಚೀಲ ಕೆಳಗಿಡದೆಯೇ ತಾರಸಿ ಹತ್ತಿದಿರಿ. ತೊಟ್ಟಿಯ ಪಕ್ಕದ ಬರಿಯ ಮಣ್ಣನ್ನು ಬೆರಳಿಂದ ಕೆದಕಿ ನೋಡಿ, ಎದ್ದು, ನಿಮ್ಮ ಬಲ ಅಂಗೈಯನ್ನು ಬಿಡಿಸಿ ನೋಡಿಕೊಂಡಿರಿ.

"ನೆಲ ಹೋದಾಗ್ಲೇ ಇದೂ ಹೋಗಿತ್ತೇನೋ. ನಂಗೇ ಗೊತ್ತಾಗ್ಲಿಲ್ಲ," ಎಂದಿರಿ. ನನ್ನ ಕಡೆ ತಿರುಗಿದಾಗ ನಿಮ್ಮ ಮುಖದಲ್ಲಿ ಹೊಟ್ಟೆಕಿಚ್ಚಿನ ನೆರಳೂ ಇರಲಿಲ್ಲ. "ನಿನ್ನ ಕೈಗೆ ಬಂತಲ್ಲವ್ವ. ಮನೇಲೇ ಉಳೀತು, ಬಿಡು."

ಆಗ ಹೇಳಬಹುದಿತ್ತು.

ಸೊಪ್ಪು ಬೆಳೆಯಿತು. ಹಸಿಯಾಗಿ ತಿನ್ನಲು ಯಾರಿಗೂ ಧೈರ್ಯ ಬರದೆ ನೀವು ಅದನ್ನು ಬೇಳೆಯ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿದಿರಿ. ಪಾತ್ರೆಯಲ್ಲಿ ಅದು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. "ಸೊಸೆ ಬೆಳ್ದಿದ್ದು" ಎಂದು ಪಕ್ಕದ ಮನೆಗೂ ಒಂದು ಬಟ್ಟಲು ಕಳಿಸಿದಿರಿ. ಮುಂದಿನ ವರ್ಷ ಅವರೆ ಹಾಕಲು ನಿಮ್ಮ ತಮ್ಮ ಕರೆಯಲು ಬಂದಾಗ ನೀವು ಗೇಟಿನವರೆಗೂ ಬರಲಿಲ್ಲ. "ನನ್ನ ಕೈ ಒಣಗ್ತು ಕಣಪ್ಪ. ಸುಮಾನ ಕರ್ಕೊಂಡೋಗು," ಎಂದಿರಿ.

ನಾನು ಹೋದೆ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆಯಾಗುವುದು ಇದೇ. ಹೋಗಿ, ನಿಮ್ಮ ಹಿಡಿಯ ಜಾಗದಲ್ಲಿ ನನ್ನ ಹಿಡಿ ಹಾಕಿ, ಅವರು ಕೊಟ್ಟ ಹೂವು ಮುಡಿದುಕೊಂಡು ಬಂದೆ. ಅವರೆ ಸೊಗಸಾಗಿ ಬಂತು. ಬೀಜಕ್ಕೇನು ಗೊತ್ತು, ಅದು ಯಾರಿಗೂ ಮೋಸ ಮಾಡಲಿಲ್ಲ. ಅಂದಿನಿಂದ ಇಂದಿನವರೆಗೆ ನೀವು ಒಂದು ಕೊತ್ತಂಬರಿ ಬೀಜವನ್ನೂ ಮಣ್ಣಿಗೆ ಹಾಕಿಲ್ಲ. ಕುಂಡದಲ್ಲಿ ಏನಾದರೂ ಮೊಳೆತರೆ ಮಾತ್ರ ಈಗಲೂ ಗೋಡೆ ಹಿಡಿದುಕೊಂಡು ಹೋಗಿ ನೋಡಿ, ಮುಟ್ಟದೆ ವಾಪಸು ಬರುತ್ತೀರಿ.

ಚಿಕ್ಕವಳಿದ್ದೆ ಎನ್ನಲಾರೆ; ಅಷ್ಟೇನೂ ಚಿಕ್ಕವಳಿರಲಿಲ್ಲ. ಇದನ್ನು ಬರೆದು ನಿಮ್ಮ ದಿಂಬಿನ ಕೆಳಗಿಟ್ಟು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನಿಮಗೆ ಓದು ಬಾರದು. ನಾನೇ ಎದುರು ಕೂತು ಓದಬೇಕು. ನಿಮ್ಮ ಕಿವಿಯೂ ಈಗ ಮಂದವಾಗಿದೆ, ಜೋರಾಗಿ ಓದಬೇಕು. ನಿಮ್ಮ ಮಗ, ನನ್ನ ಸೊಸೆ, ಮೊಮ್ಮಕ್ಕಳು, ಎಲ್ಲರಿಗೂ ಕೇಳಿಸುತ್ತದೆ. ಕೇಳಿಸಲಿ. ನಾಳೆ ಬೆಳಗ್ಗೆ ನಿಮ್ಮ ಕಾಫಿ ಆದಮೇಲೆ ಓದುತ್ತೇನೆ, ಅತ್ತೆ.