ಏಕಾದಶಿಯ ದಿನವೂ ಉಬ್ಬಿದ್ದ ಗಲ್ಲ

ರಾಣೆಬೆನ್ನೂರಿನ ನಮ್ಮ ಪಡಸಾಲೆಯಲ್ಲಿ ಅವ್ವ, ನಾನು ಮತ್ತು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಸೋದರಮಾವ ಕುಳಿತಿದ್ದೆವು. ಆಷಾಢ ಏಕಾದಶಿ, ಮೂವರಿಗೂ ಉಪವಾಸ. ಅವ್ವ ತಮ್ಮನ ಮುಖ ನೋಡಿ ಗದರಿದಳು.

"ಏನೋ ತಮ್ಮಾ, ಉಪಾಸದ ದಿನಾನೂ ಗಲ್ಲದಾಗ ಎಲಿ-ಅಡಿಕಿ ತುರುಕ್ಕೊಂಡು ಕುಂತೀಯಲ್ಲ, ಪಾಂಡುರಂಗಗರೆ ಹೆದರಬ್ಯಾಡೇನು?"

"ನಿನ್ನಾಣಿ ಅಕ್ಕಾ, ಮುಂಜಾನಿಂದ ಎಲಿ ಮುಟ್ಟಿಲ್ಲ. ಬೇಕಾದ್ರ ನೋಡು" ಎಂದು ಮಾವ ಬಾಯಿ ತೆರೆದ.

ಬಾಯಿ ಖಾಲಿ ಇತ್ತು. ಎಡಗಿವಿಯ ಕೆಳಗಿನ ಉಬ್ಬು ಮಾತ್ರ ಹಾಗೇ ಇತ್ತು. ಅವ್ವ ಬೆರಳಿಟ್ಟು ನೋಡಿದರೆ ಅಡಿಕೆಯಂಥ ಗಟ್ಟಿ ಗಂಟು. ಒತ್ತಿದರೂ ನೋವಿಲ್ಲ. ದಿನವಿಡೀ ಎಲೆ ಮೆಲ್ಲುವವನ ಗಲ್ಲ ಉಬ್ಬಿರುವುದು ಸಹಜವೇ ಎಂದು ನಾವ್ಯಾರೂ, ಸ್ವತಃ ಮಾವನೂ, ಇಷ್ಟು ದಿನ ಲಕ್ಷ್ಯ ಕೊಟ್ಟಿರಲಿಲ್ಲ.

"ನೋವ ಇಲ್ಲಂದಮ್ಯಾಲೆ ಏನಾಗೂದೈತಿ ಬಿಡು" ಎಂದ ಮಾವ. ಅವ್ವ ಬಿಡಲಿಲ್ಲ, ಮರುದಿನವೇ ಹುಬ್ಬಳ್ಳಿಗೆ ಹೊರಡಿಸಿದಳು.

ಜೊಲ್ಲಿನ ಗ್ರಂಥಿಯಲ್ಲಿ ಗಡ್ಡೆ ಬೆಳೆದಿದೆ ಎಂದರು ವೈದ್ಯರು. ಇಂಥವು ಎಷ್ಟೋ ಸಲ ನೋಯದೆ, ನಿಧಾನವಾಗಿ ಬೆಳೆಯುತ್ತವಂತೆ. ನೋವು ಬರಲಿ, ಬಾಯಿ ಸೊಟ್ಟಗಾಗಲಿ ಎಂದು ಕಾಯಬಾರದಂತೆ. ಗಡ್ಡೆಯನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ ಎಂದು ತಿಳಿಯುವವರೆಗೆ ಅವ್ವ ಸರಿಯಾಗಿ ಉಣ್ಣಲಿಲ್ಲ.

ಮುಂದೆ ನಾನು ಬ್ಯಾಡಗಿಯ ಅಂಗಡಿಗೆ ಹೋದಾಗ, ಚೀಲ ಇಳಿಸಿ ಬಂದ ಹಮಾಲನ ಗಲ್ಲ ಉಬ್ಬಿತ್ತು. "ಉಗುಳಿ ಬಾರಪಾ, ನೋಡೂಣು" ಎಂದ ಮಾವ. ಅವನು ಉಗುಳಿ ಬಂದ. ಗಲ್ಲ ಇಳಿದಿತ್ತು. ಮಾವ ನಕ್ಕು ಅವನನ್ನು ಕೆಲಸಕ್ಕೆ ಕಳಿಸಿದ.