ಎಲೆಕ್ಟ್ರೋಡಿಗಿಟ್ಟ ಕುಂಕುಮ

ಬೆಳಿಗ್ಗೆ ಹುರುಳಿಕಾಳು ಬೇಯಿಸಿಟ್ಟೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಬಸ್ಸಿನಲ್ಲಿ ನಿಂತುಕೊಂಡೇ ದೊಡ್ಡಬಳ್ಳಾಪುರಕ್ಕೆ ಹೋಗಿ ಕಾಲೇಜಿನಲ್ಲಿ ಎರಡು ಪಾಠ ಮಾಡಿದೆ. ಆಮೇಲೆ ಎಲೆಕ್ಟ್ರೋಡಿಗೆ ಮೆತ್ತಿದ್ದ ಕುಂಕುಮ ತೊಳೆಯುತ್ತಾ ಕೂತೆ.

ನೀರಿನಲ್ಲಿ ಕರಗಿರುವ ಸೀಸವನ್ನು ಪತ್ತೆಹಚ್ಚುವುದು ನನ್ನ ಸಂಶೋಧನೆ. ಪೆನ್ಸಿಲ್ ದಪ್ಪದ ಎಲೆಕ್ಟ್ರೋಡನ್ನು ನೀರಿಗಿಳಿಸಿ ಸಣ್ಣಗೆ ವಿದ್ಯುತ್ ಹಾಯಿಸಿದರೆ, ಸೀಸವಿದ್ದಲ್ಲಿ ಪರದೆಯ ಮೇಲಿನ ಗೆರೆ ಗುಡ್ಡದಂತೆ ಏಳುತ್ತದೆ. ಎಲೆಕ್ಟ್ರೋಡಿನ ತುದಿಯನ್ನು ನಾನೂ ಬೆರಳಿನಿಂದ ಮುಟ್ಟುವುದಿಲ್ಲ. ಹಬ್ಬದ ರಜೆಗೆ ಮುಂಚೆ, ನಾನು ಪಾಠದಲ್ಲಿದ್ದಾಗ, ನಮ್ಮ ವಿಭಾಗದ ಮುಖ್ಯಸ್ಥರು ಆಯುಧಪೂಜೆಯೆಂದು ಅದರ ಪೆಟ್ಟಿಗೆ ತೆಗೆಸಿ ಆ ತುದಿಗೇ ಕುಂಕುಮ ಇಟ್ಟಿದ್ದರು. ಅಗ್ಗದ ಕುಂಕುಮದಲ್ಲಿ ಸೀಸ ಇರಬಹುದೆಂದು ರಸಾಯನಶಾಸ್ತ್ರದ ಮೇಷ್ಟರಿಗೆ ಇನ್ನು ಯಾರು ಪಾಠ ಹೇಳಬೇಕು?

ಸೀಸವೇ ಇರದ, ಬಟ್ಟಿ ಇಳಿಸಿದ ನೀರಿನಲ್ಲೂ ಗುಡ್ಡ ಎದ್ದಿತು. ನುಣ್ಣನೆಯ ಪುಡಿ ಹಾಕಿದ ಬಟ್ಟೆಯ ಮೇಲೆ ಆ ತುದಿಯನ್ನು ಎಂಟರ ಅಂಕಿಯಂತೆ ತಿರುಗಿಸಿ ಉಜ್ಜಿದೆ, ತೊಳೆದೆ, ಮತ್ತೆ ಉಜ್ಜಿದೆ. ಮಧ್ಯಾಹ್ನದ ಹೊತ್ತಿಗೆ ಗೆರೆ ನೆಲಕ್ಕಂಟಿತು. ಆಮೇಲೆ ತೂಬಗೆರೆ ಕಡೆಯ ಒಂದು ತೋಟದ ಮನೆಯ ಅಜ್ಜಿ ಕೊಳವೆಬಾವಿಯಿಂದ ಹಿಡಿದುಕೊಟ್ಟಿದ್ದ ನೀರನ್ನು ಇಟ್ಟೆ. ಗುಡ್ಡ ಎದ್ದಿತು. ಮೂರು ಸಲ ಇಟ್ಟೆ, ಮೂರು ಸಲವೂ ಎದ್ದಿತು.

ಮುಖ್ಯಸ್ಥರನ್ನು ಕರೆದು ತೋರಿಸಿದೆ. ಊರಿನವರು ಕಾಲೇಜಿನ ಬಾಗಿಲಿಗೆ ಬಂದು ಕೂರುವುದು ಅವರಿಗೆ ಬೇಡ.

"ಅದು ನಮ್ ಕುಂಕುಮದ್ದೇ ಇರ್ಬೇಕು ಬಿಡಿ ಮೇಡಂ. ವರದೀಲಿ ಹಂಗೇ ಬರೆದ್ಬಿಡಿ, ಎಲ್ರಿಗೂ ನೆಮ್ಮದಿ."

"ಇಟ್ಟೋರು ನೀವು, ತೊಳೆದೋಳು ನಾನು ಸಾರ್. ತೊಳೆದ್ಮೇಲೂ ಬಂದಿದ್ದು ಕುಂಕುಮದ್ದಲ್ಲ."

ಅವರೆದುರಿಗೇ ಬಟ್ಟಿ ಇಳಿಸಿದ ನೀರನ್ನು ಮತ್ತೊಮ್ಮೆ ಇಟ್ಟು ತೋರಿಸಿದೆ. ಗೆರೆ ಅಲುಗಲಿಲ್ಲ. ಅವರು ಮೊಬೈಲು ನೋಡಿಕೊಂಡು ಆಚೆ ಹೋದರು.

ಅಜ್ಜಿಗೆ ಫೋನ್ ಮಾಡಿ ಆ ನೀರು ಕುಡಿಯಬೇಡಿ, ಕಾಯಿಸಿದರೂ ಸೀಸ ಹೋಗುವುದಿಲ್ಲ ಎಂದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ಕೂತಿದೆಯಂತೆ. ಅಜ್ಜಿ ಕೇಳಿದರು, "ಹಂಗಾದ್ರೆ ಮಗೀಗೆ ರಾಗಿ ಸರಿ ಯಾವ್ ನೀರಲ್ಲಿ ಕಾಯಿಸ್ಲವ್ವ?"

ಆ ಮಾತಿಗೆ ಕುಂಕುಮದ ಕಥೆ ಉತ್ತರವಾಗುತ್ತಿತ್ತೇ? ಸಂಜೆ ಯಜಮಾನರು ನಮ್ಮ ಮನೆಯ ನೀರನ್ನು ಎರಡು ಕ್ಯಾನಿಗೆ ತುಂಬಿ ಸ್ಕೂಟರಿನಲ್ಲಿ ಅಜ್ಜಿಯ ಮನೆಗೆ ಮುಟ್ಟಿಸಿ ಬಂದರು. ಎರಡು ಕ್ಯಾನು ಎಷ್ಟು ದಿನಕ್ಕೆ?

ಉಂಡದ್ದು ಮುದ್ದೆ, ಹುರುಳಿಕಾಳಿನ ಸಾರು. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅವರು ಮೇಲೆ ಉಪ್ಪು ಉದುರಿಸಿಕೊಂಡು ಉಂಡರು. ಅವರೇ ಮೊದಲು ಮಲಗಿದರು. ನಾನು ಪಂಚಾಯ್ತಿಗೆ ಕೊಡುವ ವರದಿ ಬರೆದು, ಸಹಿ ಹಾಕಿ, ಆಮೇಲೆ ಮಲಗಿದೆ.